ಕಿಟಕಿ ಅಕ್ಕನ ಸೊಸೆ

ಕಿಟಕಿ ಅಕ್ಕ ತೀರಿಕೊಂಡ ಸುದ್ದಿ ಬಂದದ್ದು ಬೆಳಗ್ಗೆ, ಬಟ್ಟೆ ಅಂಗಡಿಯ ಬಾಗಿಲು ಇನ್ನೂ ಅರ್ಧ ಮಾತ್ರ ತೆರೆದಿದ್ದಾಗ. ಸಾಹುಕಾರರು ಸರಕು ನೋಡಲು ಸಗಟು ಪೇಟೆಗೆ ಹೋಗಿದ್ದರು. ಅಂಗಡಿಯಲ್ಲಿದ್ದವನು ಗುಂಡಿ ಮಾಮ ಒಬ್ಬನೇ. ಅಂಗಿಗೆ ಗುಂಡಿ ಹಚ್ಚುವುದು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು ಅವನ ಕೆಲಸ. ಹಿಂದಿನ ಕೋಣೆಯಿಂದ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಓಡಿ ಬಂದು ಫೋನು ಎತ್ತಿದ.

ಆಸ್ಪತ್ರೆಯ ನರ್ಸಮ್ಮ ಮೆಲ್ಲಗೆ ಹೇಳಿದಳು: "ನಿದ್ದೆಯಲ್ಲೇ ಹೋದ್ರು, ಅಣ್ಣಾ. ನೋವೇನೂ ಪಡಲಿಲ್ಲ. ನೆಂಟರಿಷ್ಟರು ಅಂತ ಯಾರೂ ಇಲ್ವಂತೆ, ನಿಮ್ಮ ಅಂಗಡಿ ನಂಬರೇ ಕೊಟ್ಟಿದ್ರು. ಸಂಜೆ ನಮ್ಮ ಗಾಡಿ ನಿಮ್ಮ ಬೀದಿ ಮೇಲೇ ಸ್ಮಶಾನಕ್ಕೆ ಹೋಗುತ್ತೆ. ಜೊತೆಗೆ ಬರೋರು ಯಾರಾದ್ರೂ ಇದ್ರೆ ಅಲ್ಲೇ ನಿಂತಿರಿ. ಇಲ್ಲದಿದ್ರೆ ಡ್ರೈವರೇ ಎಲ್ಲ ಮುಗಿಸ್ತಾನೆ."

ಬರುತ್ತೇವೆ, ಇಡೀ ಬೀದಿಯೇ ಬರುತ್ತದೆ ಎಂದು ಹೇಳಬೇಕೆಂದು ಗುಂಡಿ ಮಾಮ ಬಾಯಿ ತೆರೆದ. ಹೊರಬಿದ್ದದ್ದು "ಹಿಕ್" ಎಂಬ ಒಂದೇ ಸದ್ದು.

ಎಲ್ಲರಿಗೂ ದುಃಖ ಬಂದರೆ ಕಣ್ಣೀರು ಬರುತ್ತದೆ. ಗುಂಡಿ ಮಾಮನಿಗೆ ಮಾತ್ರ ದೇವರು ಬಿಕ್ಕಳಿಕೆ ಕೊಟ್ಟಿದ್ದ. ಕೊಡದೊಳಗೆ ಬಿದ್ದ ಕಪ್ಪೆ ಹಾರಿದಂತೆ ಅದು ಎದೆಯಿಂದ ಗಂಟಲಿಗೆ ಹಾರುತ್ತಿತ್ತು. ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅವನ ತಂದೆ ತೀರಿಕೊಂಡ ದಿನ ಮಾತನಾಡಿಸಲು ಬಂದವರು, ಇವನು ಒಳಗೆ ಏನೋ ಕದ್ದು ತಿಂದಿದ್ದಾನೆ ಎಂದುಕೊಂಡು ಹೋಗಿದ್ದರು.

ಇದು ಕಿಟಕಿ ಅಕ್ಕನಿಗೆ ಗೊತ್ತಿತ್ತು. ಹಿಂದಿನ ವಾರ ಆಸ್ಪತ್ರೆಗೆ ನೋಡಲು ಹೋದಾಗ ಆಕೆ ಅವನ ಕೈ ಹಿಡಿದು ಹೇಳಿದ್ದಳು: "ತಮ್ಮಾ, ನಾನು ಹೋದ ಮೇಲೆ ಬೀದಿಯವರಿಗೆ ಹೇಳೋನು ನೀನೇ. ನಿನ್ನ ಬಾಯಿ ನಂಬೋ ಹಾಗಿಲ್ಲ. ಕಿಟಕಿಯಲ್ಲಿ ಹೇಳು. ಎಲ್ಲರ ದಿನಾನೂ ನಾನು ಅಲ್ಲೇ ಹೇಳಿದೀನಿ, ನನ್ನ ದಿನಾನೂ ಅಲ್ಲೇ ಹೇಳಿಬಿಡು." ಅವನು ಆಕೆಯ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಅಂದರೆ, ಬಿಕ್ಕಿದ್ದ.

ಆ ಅಂಗಡಿಯ ಮುಂದಿನ ಗಾಜಿನ ಕಿಟಕಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅದನ್ನು ಅಲಂಕರಿಸುವುದು ಅಕ್ಕನ ಕೆಲಸ, ಆಕೆಗೆ ಆ ಹೆಸರು ಬಂದದ್ದೂ ಅದರಿಂದಲೇ. ಅದರೊಳಗೆ ಒಂದು ಹೆಣ್ಣು ಬೊಂಬೆ ನಿಂತಿತ್ತು. ಉಡಿಸಿದ್ದನ್ನು ಉಟ್ಟು, ತೊಡಿಸಿದ್ದನ್ನು ತೊಟ್ಟು, ಎದುರು ಮಾತನಾಡದೆ ನಿಲ್ಲುತ್ತಿದ್ದುದರಿಂದ ಬೀದಿಯವರು ಅದಕ್ಕೆ "ಅಕ್ಕನ ಸೊಸೆ" ಎಂದು ಹೆಸರಿಟ್ಟಿದ್ದರು. ಇಂಥ ಸೊಸೆ ತಮಗೂ ಸಿಗಬಾರದಿತ್ತೇ ಎಂದು ಅತ್ತೆಯರೂ, ಇಂಥ ಅತ್ತೆ ತಮಗೂ ಸಿಗಬಾರದಿತ್ತೇ ಎಂದು ಸೊಸೆಯರೂ ಗಾಜಿನ ಮುಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದರು.

ಅದು ಹಲವು ಬಗೆಯ ಜನರ ಬೀದಿ. ಒಂದು ಮನೆಯವರ ದೇವರಿಗೂ ಪಕ್ಕದ ಮನೆಯವರ ದೇವರಿಗೂ ಪರಿಚಯವಿರಲಿಲ್ಲ. ಒಬ್ಬರು ಉಪವಾಸವಿದ್ದ ದಿನ ಇನ್ನೊಬ್ಬರ ಅಡುಗೆಮನೆಯಲ್ಲಿ ಒಗ್ಗರಣೆ. ಒಬ್ಬರ ಹೊಸ ವರ್ಷ ಇನ್ನೊಬ್ಬರ ಹಳೆಯ ವರ್ಷದ ನಡುಮಧ್ಯೆ. ಇದರ ಜೊತೆಗೆ ಸರಕಾರದ ದಿನಗಳು ಬೇರೆ: ಯುದ್ಧದಲ್ಲಿ ಮಡಿದವರ ದಿನ, ದುಡಿಯುವವರ ದಿನ, ಗಿಡ ನೆಡುವ ದಿನ. ಕಿಟಕಿ ಅಕ್ಕ ಒಂದನ್ನೂ ಬಿಟ್ಟವಳಲ್ಲ. ದೀಪ ಹಚ್ಚುವವರ ದಿನಕ್ಕೆ ಸೊಸೆ ಅರಿಶಿನ ಬಣ್ಣದಲ್ಲಿ, ಉಪವಾಸ ಮುಗಿಸುವವರ ದಿನಕ್ಕೆ ಹಸುರಿನಲ್ಲಿ, ಮಡಿದ ಸೈನಿಕರ ದಿನಕ್ಕೆ ತೋಳಿಗೆ ಪಟ್ಟಿ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಯಾರ ದಿನವೋ ಆ ಮನೆಯವರು ಬೆಳಗ್ಗೆ ಬೆಳಗ್ಗೆಯೇ ಬಂದು ಗಾಜಿನ ಮುಂದೆ ನಿಂತು, ನಗುತ್ತಲೋ ಕಣ್ಣೊರೆಸಿಕೊಳ್ಳುತ್ತಲೋ ಹೋಗುತ್ತಿದ್ದರು. ಹಿಂದಿನ ಕೋಣೆಯಲ್ಲಿ ಗುಂಡಿ ಹಚ್ಚುತ್ತಿದ್ದ ಗುಂಡಿ ಮಾಮನಿಗೆ ಇದೊಂದು ಪವಾಡದಂತೆ ಕಾಣುತ್ತಿತ್ತು. ಒಂದು ಬಟ್ಟೆ ಹಾಕಿದರೆ ಸಾಕು, ಜನಕ್ಕೆ ಎಲ್ಲವೂ ತಿಳಿಯುತ್ತದೆ! ಕಿಟಕಿಗೆ ಒಂದು ಅಕ್ಷರ ಅಂಟಿಸಲೂ ಅಕ್ಕ ಬಿಡುತ್ತಿರಲಿಲ್ಲ. "ಬಟ್ಟೆ ಅಂಗಡಿ ಬಟ್ಟೆಯಲ್ಲೇ ಮಾತಾಡಬೇಕು," ಎನ್ನುತ್ತಿದ್ದಳು. ಗುಂಡಿ ಮಾಮನಿಗಂತೂ ಬರೆಯಲು ಬರುತ್ತಲೇ ಇರಲಿಲ್ಲ.

ಸರಿ, ಅವನೂ ಬಟ್ಟೆಯಲ್ಲೇ ಮಾತನಾಡಲು ಹೊರಟ. ಸಂಜೆಯೊಳಗೆ ಬೀದಿಗೆ ತಿಳಿಯಬೇಕು. ತಿಳಿಯದಿದ್ದರೆ, ಎಲ್ಲರ ದಿನಗಳಿಗೂ ಆದವಳು ತನ್ನ ದಿನದಲ್ಲಿ ಒಬ್ಬ ಡ್ರೈವರನ ಜೊತೆ ಒಂಟಿಯಾಗಿ ಹೋಗುತ್ತಾಳೆ. ಅದನ್ನು ನೆನೆದರೇ ಅವನಿಗೆ ಮತ್ತೆರಡು ಬಿಕ್ಕಳಿಕೆ ಬಂದವು.

ಅಕ್ಕ ಯಾವ ಜನದವಳು ಎಂದು ಅವನು ಎಂದೂ ಕೇಳಿರಲಿಲ್ಲ. ತನ್ನ ಮನೆಯಲ್ಲಿ ಸಾವಿಗೆ ಬಿಳಿ. ಕಪಾಟಿನಿಂದ ಒಂದು ಅಂಚಿಲ್ಲದ ಬಿಳಿ ಬಟ್ಟೆ ತೆಗೆದು, ಬೊಂಬೆಗೆ ಉಡಿಸಿ, ಬಾಗಿಲ ಮರೆಯಲ್ಲಿ ನಿಂತ.

ಮೊದಲು ಬಂದವಳು ಎದುರಿನ ಬೇಕರಿಯ ಬ್ರೆಡ್ಡಮ್ಮ. ಹಿಟ್ಟಿನ ಕೈಗಳನ್ನು ಎದೆಗೆ ಒತ್ತಿಕೊಂಡು ಗಾಜಿನ ಮುಂದೆ ನಿಂತಳು. ಅವಳ ಕಣ್ಣು ತುಂಬಿದವು. ತಿಳಿಯಿತು ಎಂದುಕೊಂಡು ಗುಂಡಿ ಮಾಮ ಹೊರಗೆ ಬಂದ.

"ಗುಂಡಿ ಮಾಮಾ!" ಎಂದಳು ಬ್ರೆಡ್ಡಮ್ಮ. "ನಮ್ಮ ಬಿಳಿ ಬಟ್ಟೆ ಹಬ್ಬ ಈ ವಾರ ಅಂತ ನೆನಪಿಟ್ಟಿದ್ದೀರಲ್ಲ! ಕೆಲಸದ ಗಲಾಟೇಲಿ ನಾನೇ ಮರೆತಿದ್ದೆ. ಮಕ್ಕಳಿಗೆ ಇನ್ನೂ ಬಟ್ಟೆ ತೆಗೆದಿಲ್ಲ!"

"ಅಲ್ಲ ಅಮ್ಮಾ, ಅಕ್ಕ... ಹಿಕ್... ಅಕ್ಕ..."

"ಅಕ್ಕ ಆಸ್ಪತ್ರೆಯಿಂದಲೇ ಹೇಳಿ ಕಳಿಸಿದಾಳಾ? ಅವಳು ಹಂಗೇ. ನೋಡಿ, ಬಿಕ್ಕಳಿಕೆ ಬರ್ತಿದೆ ಅಂದ್ರೆ ಯಾರೋ ನಿಮ್ಮನ್ನ ನೆನಸಿಕೊಳ್ತಿದ್ದಾರೆ. ಅಕ್ಕನೇ ಇರಬೇಕು!"

ಇದನ್ನು ಕೇಳಿ ಬಿಕ್ಕಳಿಕೆ ಒಂದರ ಬೆನ್ನಿಗೆ ಒಂದು ಬಂತು. ಬ್ರೆಡ್ಡಮ್ಮ ಅವನ ಬೆನ್ನಿಗೆ ನಾಲ್ಕು ಗುದ್ದು ಗುದ್ದಿ, ಹಿಟ್ಟಿನ ಅಂಗೈ ಗುರುತು ಮೂಡಿಸಿ, ಬೇಕರಿಗೆ ಓಡಿ ಬಿಸಿ ಬನ್ನುಗಳ ಎರಡು ಪೊಟ್ಟಣ ತಂದಳು. "ಒಂದು ನಿಮಗೆ, ಒಂದು ಅಕ್ಕಂಗೆ. ಇವತ್ತೇ ತಲುಪಿಸಿ, ಆರಿದ್ರೆ ಅವಳ ಹಲ್ಲಿಗೆ ಕಡಿಯೋಕಾಗಲ್ಲ."

ಗುಂಡಿ ಮಾಮ ಅಕ್ಕನ ಪೊಟ್ಟಣವನ್ನು ಎದೆಗೊತ್ತಿಕೊಂಡು ಒಳಗೆ ಹೋದ. ಪೊಟ್ಟಣ ಬೆಚ್ಚಗಿತ್ತು.

ಬಿಳಿ ಆಗಲಿಲ್ಲ, ಕಪ್ಪು ಆಗಲಿ. ಸಾವಿಗೆ ಕಪ್ಪು ಉಡುವವರೂ ಆ ಬೀದಿಯಲ್ಲಿ ಇದ್ದರು. ಕುತ್ತಿಗೆಯಿಂದ ಪಾದದವರೆಗೆ ಬೊಂಬೆಯನ್ನು ಕಪ್ಪಾಗಿಸಿದ. ತಲೆಗೂ ಒಂದು ಕಪ್ಪು ವಸ್ತ್ರ ಸುತ್ತಿದ. ನೋಡಿದರೆ ಅವನಿಗೇ ಹೆದರಿಕೆಯಾಯಿತು.

ಈ ಸಲ ಬಂದವರು ಕವಾಯತು ಮೇಷ್ಟ್ರು. ಶಾಲೆಯಿಂದ ನಿವೃತ್ತರಾದರೂ ಸೀಟಿ ಅವರ ಕೊರಳಿನಿಂದ ನಿವೃತ್ತವಾಗಿರಲಿಲ್ಲ. ಕಿಟಕಿ ನೋಡಿದವರೇ ಕಾಲು ಜೋಡಿಸಿ ನೆಟ್ಟಗೆ ನಿಂತರು. ಗುಂಡಿ ಮಾಮನಿಗೆ ಮತ್ತೆ ಆಸೆ ಚಿಗುರಿತು.

"ಶಹಬ್ಬಾಸ್!" ಎಂದು ಮೇಷ್ಟ್ರು ಅವನ ಭುಜ ತಟ್ಟಿದರು. "ನಿನಗೂ ಒಂದು ದಿನ ಪೌರಪ್ರಜ್ಞೆ ಬರುತ್ತೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ ಕಣಯ್ಯಾ! ಪುರಸಭೆಯೋರು ಉದ್ಯಾನದ ಬೆಂಚು ಕಿತ್ಕೊಂಡು ಹೋದಾಗಿನಿಂದ ಬಾಯಿ ಬಡ್ಕೊಳ್ತಿದೀನಿ, ಒಬ್ಬನೂ ಕೇಳಲಿಲ್ಲ. ನೀನು ಕಪ್ಪು ಬಾವುಟ ಹಾರಿಸಿಬಿಟ್ಟೆ!"

"ಬೆಂಚಲ್ಲ ಮೇಷ್ಟ್ರೇ! ನಮ್ಮ... ಹಿಕ್... ನಮ್ಮ..."

"ಹೌದು, ನಮ್ಮ ಬೆಂಚು! ನಮ್ಮ ಹಕ್ಕು! ಜೋರಾಗಿ ಹೇಳು!"

ಮೇಷ್ಟ್ರು ಸೀಟಿ ಊದಿದರು. ಸೀಟಿ ಕೇಳಿ ನಾಲ್ಕು ಜನ ಸೇರಿದರು; ನಾಲ್ಕು ಜನರನ್ನು ನೋಡಿ ಹತ್ತು ಜನ ಸೇರಿದರು. "ಬೆಂಚು ಬೇಕು" ಎಂದು ಮೇಷ್ಟ್ರು ಕೂಗಿದಾಗಲೆಲ್ಲ ಗುಂಡಿ ಮಾಮ ಸರಿಯಾಗಿ ಅದರ ಕೊನೆಗೆ "ಹಿಕ್" ಎನ್ನುತ್ತಿದ್ದುದರಿಂದ, ಜನ ಅದನ್ನೂ ಘೋಷಣೆಯ ಭಾಗವೆಂದು ತಿಳಿದು ಒಟ್ಟಾಗಿ ಕೂಗತೊಡಗಿದರು. "ಬೆಂಚು ಬೇಕು, ಹಿಕ್! ಬೆಂಚು ಬೇಕು, ಹಿಕ್!"

ಗುಂಡಿ ಮಾಮ ಕೈಮುಗಿದು, ಮೇಷ್ಟ್ರ ಕಾಲಿಗೆ ಬೀಳುವುದೊಂದು ಬಾಕಿಯಿಟ್ಟು, ಒಳಗೆ ಓಡಿದ. ಬೆಳಗಿನಿಂದ ಅವನು ಮಾಡಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು. ಬಣ್ಣದ ಸಹವಾಸವೇ ಬೇಡ ಎಂದು, ಬೊಂಬೆಯನ್ನು ಎರಡೂ ತೋಳಿನಿಂದ ತಬ್ಬಿ, ಬೀದಿಗೆ ಬೆನ್ನು ಮಾಡಿ ನಿಲ್ಲಿಸಿದ. ಲೋಕದಿಂದ ಮುಖ ತಿರುಗಿಸಿ ಹೋದವಳು ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ತಿಳಿಯಬೇಕು?

ಪಕ್ಕದ ಗೂಡಂಗಡಿಯಿಂದ ಬೀಗದ ತಾತ ಕೋಲೂರಿಕೊಂಡು ಒಳಗೆ ಬಂದ. ಊರಿನ ಬೀಗಗಳನ್ನೆಲ್ಲ ತೆರೆಯಬಲ್ಲವನು, ಆದರೆ ತನ್ನ ಬಾಯಿಗೆ ಬೀಗ ಹಾಕಲಾರದವನು.

"ಲೇ ಗುಂಡಿ, ಸೊಸೆ ಯಾಕೋ ಮುನಿಸಿಕೊಂಡವ್ಳೆ! ಅಕ್ಕ ಇಲ್ಲದಾಗ ಏನಂದ್ಯೋ ಅವಳಿಗೆ?"

"ತಾತಾ... ಹಿಕ್... ಅಕ್ಕ ಇಲ್ಲ... ಹಿಕ್..."

"ಅಕ್ಕ ಇಲ್ಲ ಅಂತ ನನಗೂ ಗೊತ್ತು. ಆಸ್ಪತ್ರೇಲಿ ಅವ್ಳೆ. ಇಲ್ಲದಾಗ ನೀನು ಮನೆ ಮರ್ಯಾದೆ ಕಾಯಬೇಕೋ ಬೇಡ್ವೋ? ಮೊದಲು ಆ ಬಿಕ್ಕಳಿಕೆ ನಿಲ್ಲಿಸು." ತಾತ ಕಿವಿಯ ಹತ್ತಿರ ಬಂದು ಬೀಗದ ಕೈಗಳ ದೊಡ್ಡ ಗೊಂಚಲನ್ನು ಝಲ್ಲೆಂದು ಅಲ್ಲಾಡಿಸಿ "ಹಾ!" ಎಂದು ಕಿರುಚಿದ. ಗುಂಡಿ ಮಾಮ ಬೆಚ್ಚಿ ಬೊಂಬೆಯ ಮೇಲೆ ಬಿದ್ದ. ಬೊಂಬೆಯ ಒಂದು ಕೈ ಕಳಚಿ ಅವನ ಕೈಗೆ ಬಂತು. ಬಿಕ್ಕಳಿಕೆ ಮಾತ್ರ ಹೋಗಲಿಲ್ಲ.

"ಸೊಸೆ ಕೈನೇ ಮುರಿದ್ಯಲ್ಲೋ ಪಾಪಿ!" ಎಂದ ತಾತ. "ಅಕ್ಕ ಬಂದು ಕೇಳಿದ್ರೆ ನಾನಂತೂ ನೋಡೇ ಇಲ್ಲ ಅಂತೀನಿ."

ಅಕ್ಕ ಬಂದು ಕೇಳಿದರೆ. ಆ ಮಾತಿಗೆ ಗುಂಡಿ ಮಾಮ ಕಳಚಿದ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ. ಹೊತ್ತು ಮಧ್ಯಾಹ್ನ ದಾಟಿತ್ತು. ಅವನು ಬಟ್ಟೆ ಕತ್ತರಿಸಲು ಇಟ್ಟಿದ್ದ ಕಂದು ಕಾಗದದ ಸುರುಳಿ ತಂದು, ಗಾಜಿಗೆ ಒಳಗಿನಿಂದ ಮೇಲಿನಿಂದ ಕೆಳಗಿನವರೆಗೆ ಅಂಟಿಸಿಬಿಟ್ಟ. ಕಿಟಕಿಯೇ ಕಣ್ಣು ಮುಚ್ಚಲಿ. ಈಗಲಾದರೂ ಯಾರೋ ಒಬ್ಬರು ನಿಂತು, ಇದೇನಾಯಿತು ಎಂದು ತಾಳ್ಮೆಯಿಂದ ಕೇಳಿಯಾರು. ತಾನು ಬಿಕ್ಕುತ್ತಲೇ, ಒಂದೊಂದೇ ಅಕ್ಷರವಾಗಿಯಾದರೂ ಹೇಳಿಯೇನು.

ಯಾರೂ ಕೇಳಲಿಲ್ಲ. ಏಕೆಂದರೆ ಎಲ್ಲರಿಗೂ ತಾನಾಗಿಯೇ ಗೊತ್ತಾಗಿತ್ತು. ಬಟ್ಟೆ ಅಂಗಡಿಯ ಕಿಟಕಿಗೆ ಕಾಗದ ಬಿತ್ತು ಎಂದರೆ ಒಳಗೆ ಬೆಲೆ ಇಳಿಸುತ್ತಿದ್ದಾರೆ ಎಂದೇ ಅರ್ಥ! ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹರಡಿತು. ಬೆಂಚಿಗಾಗಿ ಕೂಗುತ್ತಿದ್ದವರು ಕೂಗು ನಿಲ್ಲಿಸಿ ಸಾಲಿನಲ್ಲಿ ನಿಂತರು. ಚೀಲ ಹಿಡಿದ ಹೆಂಗಸರು ಬಂದರು, ಚಪ್ಪಲಿ ಹಾಕಿಕೊಳ್ಳಲು ಮರೆತ ಗಂಡಸರು ಬಂದರು. ಮಕ್ಕಳ ಬಿಳಿ ಬಟ್ಟೆಗೆಂದು ಬ್ರೆಡ್ಡಮ್ಮ ಎಲ್ಲರಿಗಿಂತ ಮುಂದೆ ನಿಂತಳು. ಬೀಗದ ತಾತ, "ಸೊಸೆ ಕೈ ಮುರಿಯೋವಾಗ ನಾನು ಇಲ್ಲೇ ಇದ್ದೆ, ನಾನೇ ಮೊದಲು," ಎಂದು ಅವಳೊಡನೆ ಜಗಳಕ್ಕೆ ನಿಂತ. ಮೇಷ್ಟ್ರು ಸೀಟಿ ಊದಿ ಊದಿ ಜನರನ್ನು ಬೀದಿಯ ಎರಡು ಬದಿಗೂ ಎರಡು ಸಾಲಾಗಿ ನಿಲ್ಲಿಸಿದರು.

ಅಷ್ಟರಲ್ಲಿ ಸಾಹುಕಾರರು ಸಗಟು ಪೇಟೆಯಿಂದ ಬಂದಿಳಿದರು. ಕಿಟಕಿಯ ಕಾಗದ ನೋಡಿ ಅವರ ಮೀಸೆ ನಿಮಿರಿತು. ಜನರ ಸಾಲು ನೋಡಿ ಅದು ತಾನಾಗಿಯೇ ಇಳಿಯಿತು.

"ಗುಂಡೀ! ಯಾರಪ್ಪಾ ನಿನಗೆ ಈ ಬುದ್ಧಿ ಕೊಟ್ಟದ್ದು? ನಾನು ಹುಟ್ಟಿದಾಗಿನಿಂದ ಇಷ್ಟು ಜನ ಈ ಅಂಗಡಿ ಮುಂದೆ ನೋಡಿಲ್ಲ!"

"ಸಾಹುಕಾರ್ರೇ, ಅಕ್ಕ... ಹಿಕ್..."

"ಅಕ್ಕಂಗೆ ನಾನೇ ಹೋಗಿ ಹೇಳ್ತೀನಿ ಬಿಡು. 'ನೀನಿಲ್ಲದಿದ್ರೂ ಗುಂಡಿ ಅಂಗಡಿ ನಡೆಸಿದ' ಅಂತ. ಎಷ್ಟು ಸಂತೋಷ ಪಡ್ತಾಳೋ!"

ಬಾಗಿಲು ಇನ್ನೇನು ಪೂರ್ತಿ ತೆರೆಯಬೇಕು, ಬೀದಿಯ ತಿರುವಿನಲ್ಲಿ ಒಂದು ಬಿಳಿಯ ಗಾಡಿ ಮೆಲ್ಲಗೆ ಬಂತು. ಎರಡು ಬದಿಗೂ ಜನ ಸಾಲಾಗಿ, ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಡ್ರೈವರ್ ಗಾಡಿ ನಿಲ್ಲಿಸಿ ಕೆಳಗಿಳಿದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇಷ್ಟು ಜನಾನಾ?" ಎಂದ ಅವನು ಅಚ್ಚರಿಯಿಂದ. "ಈ ಅಮ್ಮನಿಗೆ ಯಾರೂ ಇಲ್ಲ ಅಂದ್ರಲ್ಲ ಆಸ್ಪತ್ರೇಲಿ!"

"ಯಾವ ಅಮ್ಮ?" ಎಂದ ಬೀಗದ ತಾತ.

"ಇದೇ ಅಂಗಡೀಲಿ ಕಿಟಕಿ ಅಲಂಕಾರ ಮಾಡ್ತಿದ್ರಂತಲ್ಲ, ಅವರು."

ಬೇಕರಿಯ ಒಲೆಯ ಉರಿಯ ಸದ್ದು ಎದುರು ಬದಿಗೆ ಕೇಳಿಸಿತು. ಎಲ್ಲರ ಕಣ್ಣೂ ಬೊಂಬೆಯ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಗುಂಡಿ ಮಾಮನ ಕಡೆ ತಿರುಗಿದವು.

ಬ್ರೆಡ್ಡಮ್ಮ ಮೆಲ್ಲಗೆ ಕೇಳಿದಳು: "ಬೆಳಗ್ಗೆಯಿಂದ ಇದನ್ನೇನಾ ಹೇಳೋಕೆ ಒದ್ದಾಡಿದ್ದು?"

ಅವನು ತಲೆಯಾಡಿಸಿದ.

ಸಾಹುಕಾರರು ಅರ್ಧ ತೆರೆದಿದ್ದ ಬಾಗಿಲನ್ನು ತಾವೇ ಎಳೆದು ಮುಚ್ಚಿದರು. ಆದರೆ ಸಾಲಿನಿಂದ ಒಬ್ಬರೂ ಕದಲಲಿಲ್ಲ. ಗಾಡಿ ಹೊರಟಾಗ ಅವರು ನಿಂತಿದ್ದ ಸಾಲಿನಲ್ಲೇ, ಖಾಲಿ ಚೀಲಗಳನ್ನು ಕೈಯಲ್ಲಿ ಹಿಡಿದುಕೊಂಡೇ, ಹಿಂದೆ ನಡೆದರು. ಚಪ್ಪಲಿ ಮರೆತು ಬಂದವರು ಬರಿಗಾಲಿನಲ್ಲೇ ನಡೆದರು. ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡರು. ಬೀಗದ ತಾತ ತನ್ನ ಬೀಗದ ಕೈಗಳು ಸದ್ದು ಮಾಡದಂತೆ ಮುಷ್ಟಿಯಲ್ಲಿ ಬಿಗಿಹಿಡಿದಿದ್ದ.

ಮಣ್ಣು ಮಾಡುವಾಗ ಒಬ್ಬರು ಕೈಮುಗಿದರು, ಒಬ್ಬರು ಅಂಗೈ ಬಿಡಿಸಿ ಹಿಡಿದರು, ಒಬ್ಬರು ಮೊಣಕಾಲೂರಿದರು. ಅವರವರ ದೇವರಿಗೆ ಅವರವರು ಹೇಳಿಕೊಂಡರು. ಆಕೆ ಯಾವ ಜನದವಳು ಎಂದು ಅಲ್ಲಿಯೂ ಯಾರೂ ಕೇಳಲಿಲ್ಲ. ತಮ್ಮವಳೇ ಎಂದು ಎಲ್ಲರೂ ತಿಳಿದಿದ್ದರು.

ಹಿಂದಿರುಗುವ ದಾರಿಯಲ್ಲಿ ಗುಂಡಿ ಮಾಮನ ಬಿಕ್ಕಳಿಕೆ ಸ್ವಲ್ಪ ತಗ್ಗಿತು. ಮನಸ್ಸಿನಲ್ಲಿದ್ದ ಮುಳ್ಳನ್ನು ಅವನು ಹೊರಹಾಕಿದ.

"ಬ್ರೆಡ್ಡಮ್ಮಾ, ನನ್ನ ಕೈಲಿ ಆಗಲಿಲ್ಲ. ಬಿಳಿ ಹಾಕಿದೆ, ಕಪ್ಪು ಹಾಕಿದೆ, ಬೆನ್ನು ತಿರುಗಿಸಿದೆ. ಒಬ್ಬರಿಗೂ ತಿಳಿಯಲಿಲ್ಲ. ಅಕ್ಕ ಒಂದು ಸೆರಗು ಬದಲಾಯಿಸಿದ್ರೆ ಸಾಕು, ಕಿಟಕಿ ನೋಡ್ತಿದ್ದ ಹಾಗೇ ನಿಮಗೆಲ್ಲ ತಿಳೀತಿತ್ತು. ಆ ವಿದ್ಯೆ ನನಗೆ ಬರಲಿಲ್ಲ."

ಬ್ರೆಡ್ಡಮ್ಮ ನಿಂತು ಅವನನ್ನೇ ನೋಡಿದಳು. "ಕಿಟಕಿ ನೋಡಿದ್ರೆ ನಮಗೇನು ತಿಳಿಯುತ್ತೆ ಮಾಮಾ? ಬೊಂಬೆ ಹಸಿರು ಉಟ್ಟರೆ ಹಸಿರು, ಅರಿಶಿನ ಉಟ್ಟರೆ ಅರಿಶಿನ. ಅಕ್ಕನೇ ಹಿಂದಿನ ದಿನ ಸಂಜೆ ಮನೆಗೆ ಬಂದು ಹೇಳಿ ಹೋಗ್ತಿದ್ಲು. 'ನಾಳೆ ನಿಮ್ಮ ದಿನ. ಸೊಸೆಗೆ ಹೊಸದು ಹಾಕ್ತಿದೀನಿ, ಮಕ್ಕಳನ್ನ ಕರ್ಕೊಂಡು ಬಂದು ನೋಡಿ' ಅಂತ."

"ನಮ್ಮ ಮನೆಗೂ ಬರೋಳು," ಎಂದ ಬೀಗದ ತಾತ. "ಮಳೆ ಬರಲಿ, ಮೊಣಕಾಲು ನೋಯಲಿ, ಬರದೆ ಇರ್ತಿರಲಿಲ್ಲ."

"ನನಗೂ ಬಂದು ಹೇಳೋಳು," ಎಂದರು ಮೇಷ್ಟ್ರು. "ಮಡಿದ ಸೈನಿಕರ ದಿನ, ಪ್ರತಿ ವರ್ಷ. ನನ್ನ ತಮ್ಮ ವಾಪಸ್ಸು ಬರಲಿಲ್ಲ ನೋಡು, ಅದಕ್ಕೆ."

ಗುಂಡಿ ಮಾಮ ರಸ್ತೆಯ ನಡುವೆಯೇ ನಿಂತುಬಿಟ್ಟ. ಅಂಗಡಿ ಮುಚ್ಚುವ ಹೊತ್ತಿಗೆ ಅಕ್ಕ ದಿನವೂ "ಸ್ವಲ್ಪ ಅಡ್ಡಾಡಿ ಬರ್ತೀನಿ ತಮ್ಮಾ" ಎಂದು ಹೋಗುತ್ತಿದ್ದಳು. ಗಾಳಿ ಕುಡಿಯಲು ಎಂದು ಅವನು ತಿಳಿದಿದ್ದ. ಬೊಂಬೆ ಒಂದು ದಿನವೂ ಮಾತನಾಡಿದ್ದಿಲ್ಲ. ಮಾತನಾಡಿದ್ದೆಲ್ಲ ಅಕ್ಕನೇ, ಮನೆ ಮನೆಯ ಬಾಗಿಲಲ್ಲಿ.

"ಅಲ್ಲ ತಾತಾ," ಎಂದ ಅವನು ಕೊನೆಗೆ. "ನಿಮ್ಮ ಹಬ್ಬ ನಿಮಗೇ ಗೊತ್ತಿರುತ್ತಲ್ಲ. ಅದನ್ನ ಅವಳು ಬಂದು ಹೇಳೋದು ಯಾಕೆ?"

"ನಮಗೆ ಗೊತ್ತೇ ಇರುತ್ತೆ ಕಣೋ," ಎಂದ ತಾತ. "ಆದರೂ ಬೇರೆಯೋರು ಬಂದು 'ಇವತ್ತು ನಿಮ್ಮ ದಿನ' ಅಂದಾಗಲೇ ಅದು ಹಬ್ಬ ಅನ್ನಿಸೋದು."

ಸಾಹುಕಾರರು ಮುಂದೆ ಬಂದರು. "ಇನ್ನು ಮೇಲೆ ಕಿಟಕಿ ನಿನ್ನದೇ, ಗುಂಡಿ. ಅಂಗಡಿಗೆ ಇಷ್ಟು ಜನ ತಂದೋನು ನೀನು. ಬೇರೆ ಯಾರಿಗೂ ಕೊಡಲ್ಲ."

"ಹಾಗಾದ್ರೆ ಇವತ್ತೇ ಬಾ," ಎಂದ ತಾತ. "ನಾಳೆಯಿಂದ ನಮ್ಮ ಮನೇಲಿ ಉಪವಾಸ ಶುರು. ನಮ್ಮ ಮುದುಕಿ ಬಾಗಿಲು ತೆಗೆದೇ ಇಟ್ಟಿರ್ತಾಳೆ, ಅಕ್ಕ ಬರ್ತಿದ್ದ ರೂಢಿ. ಬಂದು ಹೇಳಿ ಹೋಗು. ಬಾಯಲ್ಲೇ ಹೇಳಬೇಕು, ನೋಡು. ಬೊಂಬೆ ಕೈ ತೋರಿಸಿದ್ರೆ ನಡೆಯಲ್ಲ."

"ಅದಾದ ಮೇಲೆ ನಮ್ಮ ಮನೆ," ಎಂದಳು ಬ್ರೆಡ್ಡಮ್ಮ.

"ನನ್ನದು ಮುಂದಿನ ತಿಂಗಳು. ಮರೀಬೇಡ ಕಣಯ್ಯಾ," ಎಂದರು ಮೇಷ್ಟ್ರು.

ಒಂದು ಮಾತು ಪೂರ್ತಿ ಆಡಲಾರದೆ ಬೆಳಗಿನಿಂದ ಸಂಜೆಯವರೆಗೆ ಒದ್ದಾಡಿದವನ ತಲೆಯ ಮೇಲೆ, ಹೀಗೆ ವರ್ಷದ ಎಲ್ಲ ದಿನಗಳೂ, ಬೀದಿಯ ಎಲ್ಲ ಬಾಗಿಲುಗಳೂ ಒಟ್ಟಿಗೆ ಬಂದು ಕುಳಿತವು. ಅವನು ಬೇಡವೆನ್ನಲು ಬಾಯಿ ತೆರೆದ. ಯಥಾಪ್ರಕಾರ ಹೊರಟದ್ದು ಒಂದು ಬಿಕ್ಕಳಿಕೆ. ಅದನ್ನು ಅವರು ಒಪ್ಪಿಗೆ ಎಂದೇ ತಿಳಿದುಕೊಂಡರು.

ಬೀದಿಯ ದೀಪಗಳು ಹತ್ತಿಕೊಳ್ಳುವ ಹೊತ್ತಿಗೆ ಗುಂಡಿ ಮಾಮ ತಾತನ ಮನೆಯ ಕಡೆಗೆ ಹೊರಟ. ತೆರೆದ ಬಾಗಿಲು ದೂರದಿಂದಲೇ ಕಂಡಿತು. ಹೊಸ್ತಿಲಿಗೆ ಇನ್ನೆರಡು ಹೆಜ್ಜೆ ಇರುವಾಗ ಅವನು ನಿಂತು, ಕಣ್ಣು ಮುಚ್ಚಿ, ಮೊದಲು ದೇವರೊಡನೆ ಮಾತನಾಡಿದ. ದೇವರೊಡನೆ ಬಾಯಿ ಬೇಕಾಗಿರಲಿಲ್ಲ.

ತಂದೆಯೇ, ನಿನ್ನನ್ನು ಯಾವ ಹೆಸರಿನಿಂದ ಕರೆದರೆ ಸರಿ ಎಂದು ಅಕ್ಕನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ನಿನ್ನ ಬಾಗಿಲಿಗೆ ಒಬ್ಬಳು ಬಂದಿದ್ದಾಳೆ. ಕಂಡವರ ಸಂತೋಷವನ್ನೂ ದುಃಖವನ್ನೂ ಮರೆಯದೆ ನೆನೆದವಳು. ಆಕೆಯನ್ನು ನಿಲ್ಲಿಸಿ ಏನೂ ವಿಚಾರಿಸಬೇಡ. ಬಹಳ ನಡೆದಿದ್ದಾಳೆ, ಒಳಗೆ ಕರೆದು ಕೂರಿಸು. ದಣಿದ ಆ ಜೀವಕ್ಕೆ ನಿನ್ನ ನೆರಳಿನಲ್ಲಿ ಶಾಂತಿ ಕೊಡು.